ಆಟಿ ಕೂತ ಅಳಿಯ

ಕೊಯಿಲದ ಗುಡ್ಡಬಯಲಿನ ಮೇಲೆ ಆಷಾಢದ ಮೇಘಮಾಲೆ ಇಳಿದು ಬರುವ ಹೊತ್ತನ್ನು ನೀವು ಕಂಡಿದ್ದೀರಾ, ಸಹೃದಯರೇ? ತೋಟ ಕಾಡುಗಳ ನಿಬಿಡಚ್ಛಾಯೆಯಲ್ಲಿ ಆಕಾಶವನ್ನು ತುಣುಕು ತುಣುಕಾಗಿ ಮಾತ್ರ ಕಂಡು ರೂಢಿಯಾದ ನಮ್ಮ ಪುತ್ತೂರು ಕಡಬದ ಕಣ್ಣುಗಳಿಗೆ, ಅಲ್ಲಿಯ ಸರಕಾರಿ ಜಾನುವಾರು ಕ್ಷೇತ್ರದ ಆ ವಿಸ್ತಾರವೆಂದರೆ, ಕತ್ತಲ ಕೋಣೆಯಲ್ಲಿ ಕುಳಿತವರಿಗೆ ಯಾರೋ ಹಠಾತ್ತನೆ ಬಾಗಿಲು ತೆರೆದಂತೆ... ಮರದ ಹಂಗಿಲ್ಲದ ದಿಬ್ಬದ ಹಿಂದೊಂದು ದಿಬ್ಬ. ಗಾಳಿ ಸುಳಿದಂತೆಲ್ಲ ಮಗ್ಗುಲು ಹೊರಳುವ ತೃಣತರಂಗ. ಮಳೆಯ ತೆಳುಪರದೆಯಾಚೆ ತಲೆ ತಗ್ಗಿಸಿ ನಿಂತ ಗಿಡ್ಡ ತಳಿಯ ಕಂದು ದನಗಳು, ಇನ್ನೂ ಹಸಿಯಾರದ ವರ್ಣಚಿತ್ರದಂತೆ! ಒಂದು ದಿಬ್ಬದ ಮೇಲೆ ಮಳೆ, ಪಕ್ಕದ ದಿಬ್ಬದ ಮೇಲೆ ಎಳೆಬಿಸಿಲು. ಎರಡಕ್ಕೂ ತಮ್ಮೊಳಗೆ ಯಾವ ತಕರಾರೂ ಇದ್ದಂತಿಲ್ಲ.

ಈ ಬಯಲಿನ ಪಶುವೈದ್ಯ ಸುಜಯ್, ವೈಶಾಖದಲ್ಲಷ್ಟೇ ಕೈಹಿಡಿದ ಪ್ರಣೀತಾಳನ್ನು ಒಂದು ಸಂಜೆ ಆ ದಿಬ್ಬದ ತುದಿಗೆ ಕರೆದೊಯ್ದಿದ್ದ. ಅವಳು ದಿಬ್ಬದಿಂದ ದಿಬ್ಬಕ್ಕೆ ಕಣ್ಣು ಹಾಯಿಸಿದಳು.

"ಇಂಥ ಬಯಲಿಗೆ ರಷ್ಯನ್ನಿನಲ್ಲಿ ಸ್ತೆಪ್ ಅಂತ ಹೇಳುದು," ಎಂದಳು ಕೊನೆಗೆ. "ಪುಸ್ತಕದಲ್ಲಿ ಎಷ್ಟು ಓದಿದ್ರೂ ನನಗೆ ಅದು ಕಣ್ಣಿಗೆ ಬರ್ತಿರ್ಲಿಲ್ಲ. ನಮ್ಮಲ್ಲಿ ಎಲ್ಲಿ ನೋಡಿದ್ರೂ ಮರವೇ ಅಲ್ವಾ."

"ನಾವು ಇದಕ್ಕೆ ಮೇವು ಅಂತ ಹೇಳುದು," ಎಂದ ಸುಜಯ್.

ಅವಳು ನಕ್ಕಳು. ಆ ನಗುವನ್ನು ಅವನು ಮನಸ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡನಾದರೂ ಅದರ ಅಂಚಿಗೆ ಒಂದು ಸಣ್ಣ ಅಳುಕು ಹೊಲಿದುಕೊಂಡೇ ಬಂತು. ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಅವಳು ರಷ್ಯನ್ ಭಾಷೆ, ಸಾಹಿತ್ಯ, ಸಂಸ್ಕೃತಿಗಳ ಎಂ.ಎ. ಓದುತ್ತಿದ್ದಳು, ತರಗತಿಗಳು ಮುಗಿದು ಪ್ರಬಂಧವೊಂದು ಬಾಕಿ. ಗೆಳತಿಯರೊಡನೆ ಫೋನಿನಲ್ಲಿ ಆ ಭಾಷೆಯಾಡುವಾಗ ಅವಳ ಹುಬ್ಬು ಕುಣಿಯುತ್ತಿತ್ತು, ಕೈಗಳು ಗಾಳಿಯಲ್ಲಿ ಹಾರುತ್ತಿದ್ದವು; ಅವನೊಡನೆ ಮಾತಾಡುವಾಗ ಅವೇ ಕೈಗಳು ಸೆರಗಿನ ತುದಿಯಲ್ಲಿ ಸುಮ್ಮನೆ ಕೂರುತ್ತಿದ್ದವು. ಇವಳ ಒಳಗೊಂದು ದೀಪ ಹಚ್ಚಿದ ಕೋಣೆ ಉಂಟು, ಅದರ ಬಾಗಿಲು ನನಗೆ ಗೊತ್ತಿಲ್ಲ... ಹೀಗೆಂದುಕೊಂಡು ಅವನು ದನಗಳ ಕಡೆಗೆ ನಡೆದುಬಿಡುತ್ತಿದ್ದ.

ಹೀಗಿರುವಾಗ ಅವಳ ಅಧ್ಯಾಪಕಿಯ ಕರೆ ಬಂತು. ವೋಲ್ಗಾ ನದಿಯ ತೀರದ ಕಜಾನ್ ನಗರದ ವಿಶ್ವವಿದ್ಯಾಲಯದಲ್ಲಿ ಒಂದು ತಿಂಗಳ ಬೇಸಗೆಯ ಅಧ್ಯಯನ. ಇಡೀ ವಿಭಾಗದಿಂದ ಆರಿಸಿದ್ದು ಪ್ರಣೀತಾಳೊಬ್ಬಳನ್ನು. ಅವಳ ಪ್ರಬಂಧದ ವಿಷಯವೋ, ಹಿಂದಿನ ಕಾಲದ ರಷ್ಯದ ಹಳ್ಳಿಗಳಲ್ಲಿ ಮದುವಣಗಿತ್ತಿಯರು ತವರು ಬಿಡುವಾಗ ಹಾಡಿಕೊಂಡು ಅಳುತ್ತಿದ್ದ ಹಾಡುಗಳು. ಅವನ್ನು ಬಾಯಲ್ಲಿ ಉಳಿಸಿಕೊಂಡ ವೃದ್ಧೆಯರು ಆ ಸೀಮೆಯಲ್ಲಿ ಇನ್ನೂ ಒಬ್ಬಿಬ್ಬರಿದ್ದಾರೆ; ಮುಂದಿನ ವರ್ಷಕ್ಕೆ ಇರುತ್ತಾರೆಂದು ಹೇಳುವವರಾರು?

"ನಾನು ಬರುದಿಲ್ಲ ಅಂತ ಹೇಳಿಬಿಡ್ತೇನೆ," ಎಂದಳು ಪ್ರಣೀತಾ, ಒಣಹಾಕಿದ ಬಟ್ಟೆ ಮಡಚುತ್ತ. "ಅದು ಸರಿಯಾಗಿ ಆಟಿ ತಿಂಗಳಲ್ಲಿ ಬರುದು."

ಆಟಿಯೆಂದರೆ ನಮ್ಮ ಕಡೆ ಶುಭಕಾರ್ಯಗಳಿಲ್ಲದ ಮಳೆಯ ಮಾಸ. ಹೊಸ ಮದುಮಗಳು ಮೊದಲ ಆಟಿಯನ್ನು ಗಂಡನ ಮನೆಯಲ್ಲಿ ಕಳೆಯುವಂತಿಲ್ಲ. ತವರಿಗೆ ಹೋಗಿ ಆಟಿ ಕೂರಬೇಕು. ತಿಂಗಳು ಮುಗಿದಾಗ ಗಂಡ ಬಂದು ಕರೆದೊಯ್ಯಬೇಕು. ಕೊಟ್ಟು ಕಳಿಸಿದ ಮಗಳು ಪೂರ್ತಿ ತಿಂಗಳು ತಾಯಿಯ ಕೈಗೆ ಮರಳಿ ಸಿಗುವುದು ಆಗಲೇ. ಹೆತ್ತವರಿಗೆ ಅದರ ಬೆಲೆ ಗೊತ್ತು. ಪ್ರಣೀತಾ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ತಾಯಿ ದುಗ್ಗಮ್ಮ ಮದುವೆಯ ಚಪ್ಪರ ಬಿಚ್ಚಿದ ಮರುದಿನದಿಂದಲೇ ಆಟಿಯ ದಾರಿ ನೋಡುತ್ತಿದ್ದಳು.

ಸುಜಯ್ ಹೆಂಡತಿಯ ಮುಖ ನೋಡಿದ. ಆ ಕೋಣೆಯ ದೀಪವನ್ನು ಅವಳು ತಾನೇ ಬಾಗಿ ಊದಿ ಆರಿಸುತ್ತಿದ್ದಳು! ಒಂದು ಕ್ಷಣ... ನಿಜ ಹೇಳಬೇಕಲ್ಲ, ಒಂದೇ ಕ್ಷಣ... ಅವನಿಗೆ ಸಮಾಧಾನವಾಯಿತು. ಮರುಕ್ಷಣವೇ ಆ ಸಮಾಧಾನದ ಬಗ್ಗೆ ನಾಚಿಕೆಯಾಯಿತು.

"ಈಗಲೇ ಹೇಳ್ಬೇಡ. ಸುಳ್ಯಕ್ಕೆ ಹೋಗಿ ಬರುವ," ಎಂದ.

ಸುಳ್ಯದ ಬಸ್‌ಸ್ಟ್ಯಾಂಡಿನ ಮೇಲ್ಗಡೆ, ಏರುದಾರಿಯ ತಿರುವಿನಲ್ಲಿ ಪ್ರಣೀತಾಳ ತಂದೆ ಕುಕ್ಕಪ್ಪನ ತಾರಸಿ ಮನೆ. ಘಾಟಿಯ ಇಳಿಜಾರುಗಳಲ್ಲಿ ಆಯುಷ್ಯವಿಡೀ ಬಸ್ಸು ಓಡಿಸಿ ನಿವೃತ್ತನಾದವನಿಗೆ ಮಾತಿನಲ್ಲೂ ಬ್ರೇಕಿನ ಮೇಲೆ ಕಾಲಿಟ್ಟೇ ಅಭ್ಯಾಸ.

"ರಷ್ಯಾಕ್ಕೆ ಡಾಕ್ಟ್ರು ಕಲೀಲಿಕ್ಕೆ ಹೋಗುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಉಂಟು," ಎಂದ ಕುಕ್ಕಪ್ಪ. "ಅಳುವ ಹಾಡು ಕಲೀಲಿಕ್ಕೆ ಹೋಗುವವಳು ಇವಳೊಬ್ಬಳೇ. ಇರ್ಲಿ. ಆದ್ರೆ ಆಟಿಗೆ ಮಗಳು ಬರ್ಲಿಲ್ಲ ಅಂದ್ರೆ ಜನ ಎಂತ ಹೇಳ್ತಾರೆ? ಒಂದೋ ನೀವು ಕಳಿಸ್ಲಿಲ್ಲ, ಒಂದೋ ನಾವು ಕರೀಲಿಲ್ಲ. ಎರಡೂ ಚಂದ ಅಲ್ಲ."

ದುಗ್ಗಮ್ಮ ಆಟಿಗೆಂದು ಮಗಳ ಕೋಣೆಗೆ ಹೊಸ ಸುಣ್ಣ ಬಳಿಸಿದ್ದಳು. ಅದರ ವಾಸನೆ ಇನ್ನೂ ಮನೆಯಲ್ಲಿತ್ತು. ಅವಳು ಮಗಳನ್ನು ಕೇಳಿದಳು:

"ಆ ಹಾಡಲ್ಲಿ ಎಂತ ಹೇಳ್ತಾರೆ ಅವರು?"

"ಅಪ್ಪನ ಹತ್ರ ಹೇಳ್ತಾರೆ ಅವ್ವ, ಗೇಟು ತೆಗೀಬೇಡ ಅಂತ. ಅಮ್ಮನ ಹತ್ರ ಹೇಳ್ತಾರೆ, ನನ್ನನ್ನು ಇನ್ನೊಂದು ಚಳಿಗಾಲ ಇಟ್ಕೊ ಅಂತ."

"ಮತ್ತೆ ಅವರಿಗೆ ಆಟಿ ಇಲ್ವಾ?"

"ಇಲ್ಲ. ದೂರ ಕೊಟ್ರೆ ಕೊಟ್ಟ ಹಾಗೆ. ಅದಕ್ಕೇ ಅಷ್ಟು ಅಳುದು."

ದುಗ್ಗಮ್ಮ ಮಗಳನ್ನು ನೆಟ್ಟಗೆ ನೋಡಿದಳು. "ಇಲ್ಲದವರು ಅಷ್ಟು ಅಳ್ತಾರೆ ಅಂತ ನಿನಗೇ ಗೊತ್ತುಂಟು. ಇರುವ ಆಟಿಯನ್ನು ನೀನ್ಯಾಕೆ ಬಿಡುದು?"

ಆಹಾ, ಆ ಪ್ರಶ್ನೆಗೆ ಯಾವ ವಿಶ್ವವಿದ್ಯಾಲಯದಲ್ಲಿ ಉತ್ತರವಿದೆ! ಪ್ರಣೀತಾಳ ಕಣ್ಣು ತುಂಬಿತು. ಹೊರಗೆ ಮಳೆ ತಾರಸಿಯ ಕೊಳವೆಯಿಂದ ಅಂಗಳಕ್ಕೆ ಧುಮುಕುತ್ತಿತ್ತು. ಒಳಗೆ, ಪ್ರೀತಿ ಪ್ರೀತಿಗೇ ಅಡ್ಡವಾಗಿ ನಿಂತಿತ್ತು...

"ಅತ್ತೆ," ಎಂದ ಸುಜಯ್. ತನ್ನ ಸ್ವರ ತನಗೇ ಅಪರಿಚಿತವೆನಿಸಿತು. "ನಾನು ಕೂರ್ತೇನೆ."

"ಕೂತೇ ಇದ್ದೀರಲ್ಲ," ಎಂದ ಕುಕ್ಕಪ್ಪ.

"ಅಲ್ಲ ಮಾವ, ಆಟಿ. ಅವಳ ಬದಲಿಗೆ ನಾನು ಇಲ್ಲಿ ಆಟಿ ಕೂರ್ತೇನೆ. ಇಲ್ಲಿಂದಲೇ ಕೊಯಿಲಕ್ಕೆ ಡ್ಯೂಟಿಗೆ ಹೋಗಿ ಬರ್ತೇನೆ."

ಕುಕ್ಕಪ್ಪನ ಕಾಲು ಬ್ರೇಕಿನಿಂದ ಜಾರಿತು. "ಗಂಡಸರು ಆಟಿ ಕೂರುದುಂಟಾ ಮಾರಾಯ್ರೆ? ಊರಲ್ಲಿ ತಲೆ ಎತ್ತಿ ನಡೀಲಿಕ್ಕೆ ಉಂಟಾ?"

ಆದರೆ ದುಗ್ಗಮ್ಮ ಅಳಿಯನನ್ನು ಮೊದಲ ಬಾರಿ ನೋಡುವವಳಂತೆ ನೋಡುತ್ತಿದ್ದಳು. ಅವಳ ತುಟಿಯ ಒಂದು ಕೊನೆ ಮೆಲ್ಲನೆ ಸಡಿಲಿತು.

"ಆಟಿಯ ಪತ್ರೊಡೆ ತಿಂತೀರಾ?" ಎಂದು ಕೇಳಿದಳು.

ಹಾಗೆ ಪ್ರಣೀತಾ ಕಜಾನಿಗೆ ಹಾರಿದಳು. ಸುಜಯ್ ಒಂದು ಬ್ಯಾಗು ಹಿಡಿದು ಸುಳ್ಯದ ಏರುದಾರಿ ಹತ್ತಿದ. ಊರು ಸುಮ್ಮನಿರುತ್ತದೆಯೇ? ತಿರುವಿನ ದಿನಸಿ ಅಂಗಡಿಯ ಅಬೂಬಕರ್ ದಿನಾ ಬೆಳಿಗ್ಗೆ ಕಾದು ನಿಂತು ಕೇಳುತ್ತಿದ್ದ: "ಎಂತ ಡಾಕ್ಟ್ರೇ, ತವರುಮನೆ ಹೇಗುಂಟು? ಅತ್ತೆ ಬಳೆ ಗಿಳೆ ತೊಡಿಸಿದ್ರಾ?" ಕುಕ್ಕಪ್ಪ ಕೆಲವು ದಿನ ಅಂಗಡಿಯ ಕಡೆಗೇ ಸುಳಿಯಲಿಲ್ಲ. ಮನೆಯೊಳಗೂ ಮೊದಮೊದಲು ಎಲ್ಲ ಬಿಗುವು. ದುಗ್ಗಮ್ಮ ಅಳಿಯನಿಗೆ ಉಪಚಾರ ಮಾಡುವಳು, ಅಳಿಯ ಸಂಕೋಚಪಡುವನು, ಇಬ್ಬರ ನಡುವೆ ಮಗಳ ಖಾಲಿ ಕುರ್ಚಿ ಮಳೆನೀರಿನಂತೆ ತಣ್ಣಗೆ ಕುಳಿತಿರುವುದು. ಕೆಸುವಿನೆಲೆಯ ಪತ್ರೊಡೆ ಬಡಿಸಿ ದುಗ್ಗಮ್ಮ ತಾನು ಒಳಗೆ ಹೋಗಿ ಕಣ್ಣೊರಸಿಕೊಂಡದ್ದನ್ನು ಅವನು ಕಂಡಿದ್ದ. ಬದಲಿಗೆ ಕೂರುತ್ತೇನೆಂದು ಹೇಳುವುದು ಸುಲಭ. ಒಬ್ಬರ ಜಾಗವನ್ನು ಇನ್ನೊಬ್ಬರು ತುಂಬುವುದೆಂದರೆ...

ಆಟಿಯ ಅಮಾವಾಸ್ಯೆಯ ಬೆಳಿಗ್ಗೆ, ವಾಡಿಕೆಯಂತೆ, ಹಾಲೆಮರದ ತೊಗಟೆಯ ಕಷಾಯ ಬಂತು. ಕಹಿಯೆಂದರೆ ಅಂತಿಂಥ ಕಹಿಯಲ್ಲ! ಸುಜಯ್ ಒಂದು ಗುಟುಕು ನುಂಗಿ ಮುಖ ಕಿವಿಚಿದ. ಉಳಿದದ್ದನ್ನು, ಅತ್ತೆ ಆಚೆ ತಿರುಗಿದ್ದಾಳೆಂದುಕೊಂಡು, ಕಿಟಕಿಯಿಂದ ಹೊರಗೆ ಚೆಲ್ಲಿದ.

ದುಗ್ಗಮ್ಮ ಆಚೆ ತಿರುಗಿರಲಿಲ್ಲ. ಸೆರಗು ಬಾಯಿಗೊತ್ತಿ ನಗತೊಡಗಿದವಳು ನಗುತ್ತಲೇ ಗೋಡೆಗೊರಗಿ ಕುಳಿತುಬಿಟ್ಟಳು. "ಅವಳೂ ಅದೇ ಕಿಟಕಿಯಿಂದಲೇ ಚೆಲ್ತಿದ್ದದ್ದು. ಪ್ರತಿ ವರ್ಷ. ನನಗೆ ಗೊತ್ತಿಲ್ಲ ಅಂತ ಇವತ್ತಿಗೂ ಲೆಕ್ಕ ಅವಳದ್ದು."

ಆ ಬೆಳಗಿನಿಂದ ಮಾತಿನ ಕಟ್ಟೆ ಒಡೆಯಿತು. ಮಗಳು ಎದುರಿಗಿದ್ದಿದ್ದರೆ ತಾಯಿ ಅವಳ ಬಗ್ಗೆ ಹೇಳುವುದು ಯಾರಿಗೆ? ಕೇಳುವ ಕಿವಿಯೊಂದು ಹಸಿದು ಕುಳಿತಿತ್ತು, ದುಗ್ಗಮ್ಮ ಉಣಬಡಿಸಿದಳು. ಹಲಸಿನ ಬೀಜ ಸುಲಿಯುತ್ತ, ಸೊಪ್ಪು ಸೋಸುತ್ತ, ಇಪ್ಪತ್ತು ಚಿಲ್ಲರೆ ವರ್ಷಗಳ ಮಗಳನ್ನು ಮತ್ತೆ ತೊಟ್ಟಿಲಿನಿಂದ ಬೆಳೆಸಿದಳು. ಅಪ್ಪನ ಬಸ್ಸು ಕೆಳಗಿನ ತಿರುವಿಗೆ ಬಂದರೆ ಹಾರನ್ನಿನಿಂದಲೇ ಗುರುತಿಸಿ ಓಡುತ್ತಿದ್ದವಳು. ಅದರ ಮೆಟ್ಟಿಲಿನಿಂದಲೇ ಬಿದ್ದು ಗಲ್ಲ ಒಡೆದುಕೊಂಡು, ಹೊಲಿಗೆ ಹಾಕುವಾಗ ಅಳದವಳು. ಆಮೇಲೆ ಗೊಂಬೆಗೆ ಪೆಟ್ಟಾಯಿತೆಂದು ಇಡೀ ದಿನ ಅತ್ತವಳು...

ಕುಕ್ಕಪ್ಪನೂ ಮೆಲ್ಲನೆ ಬಂದು ಸೇರಿಕೊಂಡ. "ಅವಳಿಗೆ ಈ ರಷ್ಯಾದ ಹುಚ್ಚು ಹಿಡಿಸಿದ್ದು ನಾನೇ," ಎಂದ ಒಂದು ಸಂಜೆ. "ಬಸ್ಸಲ್ಲಿ ಯಾರೋ ರಷ್ಯಾದ ಒಂದು ಮಕ್ಕಳ ಪುಸ್ತಕ ಬಿಟ್ಟು ಹೋಗಿದ್ರು. ಡಿಪೋದಲ್ಲಿ ಇಟ್ಟೆ, ಕೇಳಿಕೊಂಡು ಯಾರೂ ಬರ್ಲಿಲ್ಲ. ಮನೆಗೆ ತಂದೆ. ಚಿತ್ರದಲ್ಲಿ ಮನೆ ಮೇಲೆಲ್ಲ ಬೆಳ್ಳಗೆ. ಅದು ಹಿಮ ಮಗಾ ಅಂದೆ. ಇವಳು, ಅಲ್ಲಿ ಅವ್ವಂದಿರು ಒಗೆದ ಬಟ್ಟೆ ಎಲ್ಲಿ ಒಣಹಾಕುದು ಅಂತ ಕೇಳಿದ್ಲು. ನನಗೆ ಗೊತ್ತಿರ್ಲಿಲ್ಲ. ಅದನ್ನು ತಿಳ್ಕೊಳ್ಳಿಕ್ಕೆ ಎಂ.ಎ. ಮಾಡ್ಬೇಕಾಯ್ತು ನೋಡಿ."

ಸುಜಯ್ ನಕ್ಕ, ನಗುತ್ತಲೇ ಅವನ ಎದೆಯಲ್ಲಿ ಏನೋ ಸರಿದು ಜಾಗ ಬಿಟ್ಟಂತಾಯಿತು. ತಾನು ಪರದೇಶವೆಂದು ಹೆದರಿದ್ದ ಆ ಕೋಣೆ ಪರದೇಶವಾಗಿರಲಿಲ್ಲ! ಬಟ್ಟೆ ಒಣಹಾಕುವ ತಾಯಿಯ ಚಿಂತೆಯಿಂದಲೇ ಅದರ ಮೊದಲ ದೀಪ ಹಚ್ಚಲಾಗಿತ್ತು...

ಸಂಜೆಗಳಲ್ಲಿ ಪ್ರಣೀತಾಳ ವಿಡಿಯೋ ಕರೆ. ಇಲ್ಲಿ ಕಾರ್ಮುಗಿಲಿನ ಕತ್ತಲು ಕವಿದಿರುವಾಗ ಅವಳ ಹಿಂದೆ ವೋಲ್ಗಾ ಬಂಗಾರದ ತಗಡಿನಂತೆ ಹೊಳೆಯುತ್ತಿತ್ತು. ಮಳೆ ನಿಂತ ಮೇಲೆ ಬುಟ್ಟಿ ಹಿಡಿದು ಕಾಡಿಗೆ ಅಣಬೆ ಹೆಕ್ಕಲು ಹೋಗುವ ಅಲ್ಲಿಯ ಜನರ ಬಗ್ಗೆ ಹೇಳುವಳು. ಇಲ್ಲಿಯೂ ಅಣಬೆ ಎದ್ದಿದೆಯೆಂದು ದುಗ್ಗಮ್ಮ ಸ್ಪರ್ಧೆಗೆ ಬೀಳುವಳು. ಒಂದು ಸಂಜೆ ಪ್ರಣೀತಾ ಕರೆ ಮಾಡಿದವಳೇ ಹೇಳತೊಡಗಿದಳು.

"ಹಳ್ಳಿಯ ಒಬ್ಬ ಅಜ್ಜಿ ಹಾಡು ಹೇಳ್ತಿದ್ರು. ಗಂಡನನ್ನು ಎಲ್ಲಿ ಬಿಟ್ಟು ಬಂದೆ ಅಂತ ಕೇಳಿದ್ರು. ನನ್ನ ಅವ್ವನ ಹತ್ರ, ನನ್ನ ಜಾಗದಲ್ಲಿ ಕೂತಿದ್ದಾರೆ ಅಂದೆ. ಮೊದಲು ತುಂಬ ನಗಾಡಿದ್ರು. ಮತ್ತೆ ಕಣ್ಣೊರಸಿಕೊಂಡು ಹೇಳಿದ್ರು, ನಮ್ಮ ಕಾಲದಲ್ಲಿ ಅಂಥ ಗಂಡಂದಿರು ಇದ್ದಿದ್ರೆ ಈ ಹಾಡುಗಳೇ ಇರ್ತಿರ್ಲಿಲ್ಲ ಮಗಳೇ ಅಂತ."

ಸುಜಯ್ ಫೋನನ್ನು ಹತ್ತಿರ ಹಿಡಿದ. "ಚಳಿ ಉಂಟಾ ಅಲ್ಲಿ?" ಎಂದು ಕೇಳಿದ.

"ಇಲ್ಲ," ಎಂದಳು ಅವಳು. ಹುಬ್ಬು ಕುಣಿಯಿತು, ಗಾಳಿಯಲ್ಲಿ ಹಾರಿದ ಕೈಯೊಂದು ಈ ಸಲ ಅವನ ಕಡೆಗೆ ಚಾಚಿಕೊಂಡಿತು.

ಆಟಿ ಮುಗಿದು, ಮೋಡ ಹರಿದು, ತೊಳೆದ ತಟ್ಟೆಯಂಥ ಬಿಸಿಲು ಸುಳ್ಯದ ಹಂಚಿನ ಮಾಡುಗಳ ಮೇಲೆ ಬಿದ್ದ ದಿನ, ಮಂಗಳೂರಿನಿಂದ ಬಂದ ಟ್ಯಾಕ್ಸಿಯೊಂದು ಏರುದಾರಿ ಹತ್ತಿತು. ಇಳಿದವಳ ಕೈಯಲ್ಲಿ ಜೇನಿನಲ್ಲಿ ಅದ್ದಿದ ಆ ದೂರದೂರಿನ ಸಿಹಿಯ ಡಬ್ಬಿ.

"ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು," ಎಂದಳು ಪ್ರಣೀತಾ, ಅಂಗಳದಲ್ಲೇ ನಿಂತು. "ಆಟಿ ಮುಗೀತಲ್ಲ."

ಅಬೂಬಕರ್ ಅಂಗಡಿ ಬಿಟ್ಟು ಬಂದಿದ್ದ. "ಚಂದ ನೋಡಿಕೊಳ್ಳಿ ಅಮ್ಮಾ, ನಮ್ಮೂರಿನ ಹುಡುಗ," ಎಂದ. ಕುಕ್ಕಪ್ಪನೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ.

ಮಧ್ಯಾಹ್ನದವರೆಗೆ ತಾಯಿ ಮಗಳು ಒಲೆಯ ಮುಂದೆ ಒಬ್ಬರ ಹೆಗಲಿಗೊಬ್ಬರು ತಾಗಿ ಕುಳಿತಿದ್ದರು. ಹೊರಡುವಾಗ ದುಗ್ಗಮ್ಮ, ಆಟಿ ಕೂತು ಹೋಗುವವರಿಗೆ ಕೊಡಬೇಕಾದ ಹೊಸಬಟ್ಟೆಯನ್ನು ಅಳಿಯನ ಕೈಗಿತ್ತಳು. ಇತ್ತವಳೇ ಬಿಕ್ಕಿದಳು.

"ಅವ್ವ, ನಾನಿಲ್ಲಿದ್ದೇನೆ," ಎಂದಳು ಪ್ರಣೀತಾ, ಬೆರಗಾಗಿ.

"ನೀನು ಈಗಷ್ಟೇ ಬಂದವಳು," ಎಂದಳು ದುಗ್ಗಮ್ಮ. "ಇವನು ಒಂದು ತಿಂಗಳು ನನ್ನ ಹತ್ರ ಕೂತವ. ನಿನ್ನನ್ನು ಪೂರ್ತಿ ಮತ್ತೊಮ್ಮೆ ನನಗೆ ಕೊಟ್ಟವ. ಬಿಟ್ಟು ಕೊಡುದು ಕಷ್ಟ ಆಗ್ತದೆ."

ಟ್ಯಾಕ್ಸಿ ಇಳಿಜಾರಿಗೆ ತಿರುಗಿದಾಗ ಸುಜಯ್ ಮೊದಲ ಬಾರಿಗೆ, ಯಾವ ಅಳುಕೂ ಇಲ್ಲದೆ, ಹೆಂಡತಿಯ ಗಲ್ಲದ ಮೇಲಿನ ಸಣ್ಣ ಹೊಲಿಗೆಯ ಗುರುತನ್ನು ಬೆರಳಿನಿಂದ ಮುಟ್ಟಿದ. ಆ ಗಾಯದ ಕತೆ ಯಾರು ಹೇಳಿದ್ದೆಂದು ಅವಳು ಕೇಳಬೇಕೆಂದಿದ್ದಳು, ಕೇಳಲಿಲ್ಲ. ಅವನ ಭುಜಕ್ಕೆ ತಲೆಯಿಟ್ಟು, ತನಗೆ ತಾನೇ, ಆ ದೂರದ ಭಾಷೆಯಲ್ಲಿ ಏನೋ ಗುನುಗಿದಳು. ಅರ್ಥವೇನೆಂದು ಅವನೂ ಕೇಳಲಿಲ್ಲ.

ಪ್ರೀತಿಸುವವರನ್ನು ಅರಿಯಲು ನಾವು ಅವರ ಕಣ್ಣೊಳಗೆ ಎಷ್ಟು ಹೊತ್ತು ಇಣುಕುತ್ತೇವೆ, ಸಹೃದಯರೇ! ಅವರು ದೂರವಿದ್ದಾಗ, ಅವರಿಗಾಗಿ ಕಾಯುವ ಮತ್ತೊಂದು ಜೀವದ ಬಳಿ ಸುಮ್ಮನೆ ಹೋಗಿ ಕೂರುವುದೂ ಅವರ ಕಡೆಗೇ ನಡೆದಂತೆ ಎಂಬುದು ನಮಗೇಕೆ ಅಷ್ಟು ಬೇಗ ಹೊಳೆಯುವುದಿಲ್ಲವೋ... ಒಂದೇ ಮುಖವನ್ನು ನೆನೆಯುವ ಇಬ್ಬರು ಒಂದೇ ಮಳೆಯನ್ನು ಕೇಳುತ್ತ ಕಳೆದ ತಿಂಗಳು, ಬಿಸಿಲು ಬಂದ ಮೇಲೂ ನೆಲದೊಳಗೆ ಉಳಿಯುವ ನೀರಿನಂತೆ, ಬಹುಕಾಲ ಯಾವುದನ್ನೋ ಹಸಿರಾಗಿಡುತ್ತದೆ.