ದೋಣಿ ರಾಗಿ

ಮೊದಲ ಸಲ ಒತ್ತಿದಾಗ ಹೆಬ್ಬೆಟ್ಟಿನ ಗುರುತು ಮೂಡಲೇ ಇಲ್ಲ. ಕಾಗದದ ಮೇಲೆ ನೀಲಿಯ ಒಂದು ಬೊಟ್ಟು ಬಿತ್ತು, ಅಷ್ಟೆ. ಬೂದಿ ಹಾಕಿ ಪಾತ್ರೆ ತಿಕ್ಕಿ ತಿಕ್ಕಿ ಪುಟ್ಟಗಂಗಮ್ಮನ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು.

"ಇನ್ನೊಂದ್ಸಲ ಒತ್ತು ಗಂಗಕ್ಕ, ಓಟಿಗ್ ಒತ್ತಿದಂಗೆ," ಎಂದರು ಅಣ್ಣಯ್ಯಪ್ಪ. ಕಡಬದ ಸುತ್ತಿನ ಹಳ್ಳಿಗಳಿಗೆ ಮೂವತ್ತು ವರ್ಷ ಕಾಗದ ಹಂಚಿ ನಿವೃತ್ತರಾದ ಪೋಸ್ಟ್‌ಮ್ಯಾನ್ ಅವರು. ಮುದುಕಿಯ ಮನೆ ತೋರಿಸಿದ್ದೂ ಅವರೇ.

"ಯಾಕ್ಲಾ, ಮನೆ ಗಿನೆ ಬರಸ್ಕತ್ತಿದೀರಾ?"

"ನಿನ್ ಮನೆ ಯಾರಿಗ್ ಬೇಕು? ಮಳೆ ಬಂದ್ರೆ ಒಳಗೇ ಕೊಡೆ ಹಿಡ್ಕಂಡ್ ಮಲಗ್ತೀಯ. ಮೇಷ್ಟ್ರು ನಿಮ್ ವಂಸ್ದೋರ ಹೆಸ್ರ ಪುಸ್ತಕಕ್ಕೆ ಹಾಕ್ತಾರಂತೆ ಕಣಕ್ಕ."

ಎರಡನೆಯ ಸಲ ಮೇಷ್ಟ್ರು ಲಕ್ಷ್ಮೀನರಸಿಂಹಯ್ಯನವರೇ ಆ ಬೆರಳನ್ನು ಹಿಡಿದು ಕಾಗದದ ಮೇಲೆ ಮೆಲ್ಲಗೆ ಉರುಳಿಸಿದರು. ಈಗ ಮೂಡಿತು. ಅದರ ಮೇಲೆ ಟೈಪಾಗಿದ್ದದ್ದು ಒಂದೇ ವಾಕ್ಯ: 'ಕೆಳಗಣ ದೋಣಿಯು ತಲೆತಲಾಂತರದಿಂದ ನಮ್ಮ ವಂಶಸ್ಥರ ವಶದಲ್ಲಿತ್ತು.' ಅವರು ಅದನ್ನು ಬಿಸಿ ಕಾಫಿಯನ್ನು ಆರಿಸುವವರ ಹಾಗೆ ಊದಿ ಒಣಗಿಸಿ, ಫೈಲಿನೊಳಗೆ ಸೇರಿಸಿದರು. ಪಿಎಚ್.ಡಿ. ಪ್ರಬಂಧದ ಜೊತೆ ಲಗತ್ತಿಸಲು ಬೇಕಾಗಿದ್ದ ಕೊನೆಯ ಕಾಗದ ಇದು. ಇನ್ನು ಸೋಮವಾರ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವುದಷ್ಟೇ ಬಾಕಿ.

ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಲಕ್ಷ್ಮೀನರಸಿಂಹಯ್ಯನವರು ಹದಿನಾಲ್ಕು ವರ್ಷಗಳಿಂದ ಶಿಂಷಾ ನದಿಯಲ್ಲಿ ದೋಣಿ ಹುಡುಕುತ್ತಿದ್ದರು. ಶಿಂಷಾ ಎಂದರೆ ಗುಬ್ಬಿಯ ಕಡೆಯವರು ಬೇಸಿಗೆಯಲ್ಲಿ ಪಂಚೆ ಕೂಡ ಎತ್ತದೆ ದಾಟುವ ನದಿ. ಆದರೆ ಚೇಳೂರಿನ ಹಳೆಯ ಶಾನುಭೋಗರ ಮನೆಯ ಅಟ್ಟದಲ್ಲಿ ಅವರಿಗೊಂದು ಕಡತ ಸಿಕ್ಕಿತ್ತು. ಅದರಲ್ಲಿ ವರ್ಷವರ್ಷವೂ 'ಮೇಲಣ ದೋಣಿ ರಾಗಿ', 'ಕೆಳಗಣ ದೋಣಿ ರಾಗಿ' ಎಂದು ಎರಡು ಸಾಲು. ಧಾತು ಸಂವತ್ಸರದ ಪುಟದಲ್ಲಿ ಮಾತ್ರ ಬೇರೆ ಮಾತು: 'ಕೆಳಗಣ ದೋಣಿ ಒಡೆದು ರಾಗಿ ನಿಂತಿತು.' ಕಡಬದಿಂದ ಕುಣಿಗಲ್ ಕಡೆಯ ಸಂತೆಗಳಿಗೆ ರಾಗಿ ಹೊರೆ ದೋಣಿಗಳಲ್ಲಿ ಇಳಿಯುತ್ತಿತ್ತು ಎಂಬುದು ಅವರ ಸಿದ್ಧಾಂತ. ಆ ಐದು ಪದಗಳನ್ನು ನಾದಿ ತಟ್ಟಿ ಅವರು ತೊಂಬತ್ತು ಪುಟಗಳ ಮೂರನೆಯ ಅಧ್ಯಾಯ ಮಾಡಿದ್ದರು. ಅದರಲ್ಲಿ ಹದಿನಾಲ್ಕು ಪುಟ ಬರೀ ದೋಣಿ ಒಡೆದ ದುರಂತದ್ದೇ.

"ಧಾತು ಅಂದ್ರೆ ಘೋರ ಬರ ಅಲ್ವಾ ಸಾರ್?" ಎಂದು ಅರ್ಥಶಾಸ್ತ್ರದ ಮಹಾದೇವಯ್ಯ ಸ್ಟಾಫ್ ರೂಮಿನಲ್ಲಿ ಕೆಣಕಿದ್ದರು. "ಕುಡಿಯೋಕೆ ನೀರಿಲ್ಲದ ವರ್ಷ ದೋಣಿ ಹೆಂಗ್ ಮುಳುಗಿಸಿದ್ರಿ?"

"ನೀರು ಕಮ್ಮಿಯಾದಾಗ್ಲೇ ಕಣ್ರೀ ದೋಣಿ ಬಂಡೆಗೆ ಬಡಿಯೋದು," ಎಂದು ಇವರು ತಟ್ಟನೆ ಉತ್ತರಿಸಿದ್ದರು. ಆ ಉತ್ತರ ಅವರಿಗೇ ಎಷ್ಟು ಹಿಡಿಸಿತೆಂದರೆ ಅದನ್ನೂ ಅಧ್ಯಾಯಕ್ಕೆ ಸೇರಿಸಿದರು. ಅಂದಿನಿಂದ ಕಾಲೇಜಿನಲ್ಲಿ ಅವರು ದೋಣಿ ಮೇಷ್ಟ್ರು. ಹಾಗೆ ಕರೆದವರಿಗೆ ಅದು ಗೇಲಿ, ಕರೆಸಿಕೊಂಡವರಿಗೆ ಬಿರುದು.

ಪುಟ್ಟಗಂಗಮ್ಮ ಸೀರೆಯ ಅಂಚಿಗೆ ಹೆಬ್ಬೆಟ್ಟು ಒರೆಸಿಕೊಳ್ಳುತ್ತಿದ್ದಳು. ಕೆಲಸ ಮುಗಿದಿತ್ತು, ಗುಬ್ಬಿಯ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಸುಮ್ಮನೆ, ಬಾಯಿ ಚಪಲಕ್ಕೆ ಎಂಬಂತೆ ಅವರು ಕೇಳಿದರು:

"ದೋಣಿ ಎಷ್ಟುದ್ದ ಇತ್ತು ಅಂತ ಹಿರಿಯರು ಏನಾದ್ರೂ ಹೇಳ್ತಿದ್ರಾ ಅಮ್ಮ?"

"ಸ್ಯಾನೆ ಉದ್ದ ಕಣಪ್ಪ. ಹತ್ತು ದನ ಒಂದೇ ಸಾಲ್ಗೆ ನಿಂತ್ಕಳವಂತೆ."

"ದನಾನೂ ಸಾಗಿಸ್ತಿದ್ರಾ!" ಲಕ್ಷ್ಮೀನರಸಿಂಹಯ್ಯನವರು ಪೆನ್ನಿನ ಮುಚ್ಚಳ ತೆಗೆದರು. ಒಂದು ಅನುಬಂಧಕ್ಕಾಗುವಷ್ಟು ವಿಷಯ ಕಣ್ಣೆದುರಿಗೆ ಬಂದು ನಿಂತಿತು.

"ಎಲ್ಲಿಗ್ ಸಾಗ್ಸಾದು?" ಪುಟ್ಟಗಂಗಮ್ಮ ಅವರ ಮುಖ ನೋಡಿದಳು. "ನೀರ್ ಕುಡ್ದು ಮನೇಗ್ ಹೋಗವು."

ಅಣ್ಣಯ್ಯಪ್ಪ ಮೊದಲು ನಕ್ಕರು. ಮೇಷ್ಟ್ರು ನಗದಿದ್ದುದನ್ನು ಕಂಡು ಅರ್ಧಕ್ಕೇ ನಿಲ್ಲಿಸಿದರು.

"ದೋಣಿ ನದೀಲಿ ತೇಲ್ತಿರಲಿಲ್ವಾ?"

"ಅಯ್ಯೋ ಸಿವ್ನೆ, ದನ ನೀರ್ ಕುಡಿಯ ದೋಣಿ ತೇಲ್ತದಾ? ದೊಡ್ಡ ಹಿಪ್ಪೆ ಮರ ಕಡ್ದು ಹೊಟ್ಟೆ ಕೊರ್ದು ಕೆರೆ ಏರಿ ಮ್ಯಾಲೊಂದು, ಕೆಳಗೊಂದು ಮಡಗಿದ್ರು. ದನ ಕೆರೆಗಿಳಿದ್ರೆ ಕೆಸರ್ನಾಗೆ ಹೂತ್ಕತವಲ್ಲ, ಅದ್ಕೆ. ಕೆಳಗ್ಲುದು ನಮ್ಮೋರ ಪಾಲಿಗೆ. ಹೊತ್ತಾರೆ ಬೈಗು ನೀರ್ ಹೊತ್ತು ತುಂಬ್ಸಬೇಕು. ಅದ್ಕೆ ಸುಗ್ಗೀಲಿ ಮನೆಗೊಂದು ಮೊರ ರಾಗಿ ಕಣದಾಗೇ ಅಳೆಯೋರು. ದೋಣಿ ರಾಗಿ ಅನ್ನೋರು ಅದ್ನ."

ಲಕ್ಷ್ಮೀನರಸಿಂಹಯ್ಯನವರ ಸ್ವಂತ ಅಜ್ಜಿಯ ಮನೆಯ ಹಿತ್ತಿಲಿನಲ್ಲೂ ಕಲ್ಲಿನದೊಂದು ದೋಣಿಯಿತ್ತು. ಅದರ ಕಲಗಚ್ಚಿಗೆ ಕೈ ಅದ್ದಿ ಬೈಸಿಕೊಂಡಿದ್ದ ಅವರು ಹದಿನಾಲ್ಕು ವರ್ಷ ದೋಣಿ ಎಂಬ ಆ ಮಾತಿಗೆ ಹುಟ್ಟು ಹಾಕುತ್ತ ಕೂತಿದ್ದರು.

"ಮತ್ತೆ... ಒಡೆದಿದ್ದು?" ಎಂದರು.

ಮುದುಕಿ ಹೆಬ್ಬೆಟ್ಟು ಒರೆಸುತ್ತಿದ್ದ ಸೀರೆಯಂಚನ್ನು ಕೈಬಿಟ್ಟಳು. "ಅದ್ಯಾರ್ ಹೇಳುದ್ರು ನಿಂಗೆ? ನಮ್ ಯಜಮಾನ್ರ ತಾತ ಚಿಕ್ಕಬೋರಯ್ಯ ಅಂತ. ಬರ ಬಿದ್ದಿತ್ತು. ಎಲ್ಲೋ ತಳದಾಗಿದ್ದ ನೀರ ಎರಡು ಮೈಲಿಯಿಂದ ಹೊತ್ಕಬಂದು ದೋಣಿ ನೆನೆಯಂಗಾರ ಹುಯ್ಯೋನಂತೆ. ಮರದ್ದಲ್ವ, ಒಣಗಿದ್ರೆ ಸೀಳ್ತದೆ. ಹೆಂಡ್ರು ಹೆರಿಗೇಲಿ ಹೋಗ್ಬುಟ್ಳು. ಮೂರ್ ದಿನ ಅವ್ನು ಏಳ್ನಿಲ್ಲ. ಮೂರೇ ದಿನ ಕಣಪ್ಪ. ನಾಕ್ನೇ ದಿನ ಹೋಗ್ ನೋಡಿದ್ರೆ ಈ ತುದಿಯಿಂದ ಆ ತುದೀಗೆ ಬಿರ್ಕು. ಊರೋರು ರಾಗಿ ನಿಲ್ಲಿಸ್ಬುಟ್ರು. ಅವ್ನ ಎರಡು ಕೂಸು ಸತ್ವು ಆ ವರ್ಸ. ದೊಡ್ಡುದ್ಕೆ ಆರು ವರ್ಸ ಅಂತೆ, ಚಿಕ್ಕುದ್ಕೆ ಹೆಸ್ರಿಕ್ಕಿರ್ಲಿಲ್ಲ."

ರಸ್ತೆಯಲ್ಲಿ ಯಾರದೋ ಲೂನಾ ಕೆಮ್ಮುತ್ತ ಹೋಯಿತು.

"ಬರ್ಕಂಡ್ಯಾ ಅದ್ನ?" ಎಂದಳು ಪುಟ್ಟಗಂಗಮ್ಮ. "ಬರ್ಕ. ಯಾರೂ ಬರ್ದಿಲ್ಲ."

ಮೇಷ್ಟ್ರ ಟಿಪ್ಪಣಿ ಪುಸ್ತಕ ಮುಚ್ಚಿತ್ತು. ಪೆನ್ನು ಜೇಬಿಗೆ ಮರಳಿತ್ತು.

"ಬರ್ಕೊಂಡೆ ಅಮ್ಮ," ಎಂದರು ಲಕ್ಷ್ಮೀನರಸಿಂಹಯ್ಯನವರು.

ಗುಬ್ಬಿಯಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಅವರು ಆ ಹೇಳಿಕೆಯನ್ನು ನಾಲ್ಕು ಸಲ ತೆಗೆದು ಓದಿದರು. ಕೆಳಗಣ ದೋಣಿಯು ತಲೆತಲಾಂತರದಿಂದ ನಮ್ಮ ವಂಶಸ್ಥರ ವಶದಲ್ಲಿತ್ತು. ಒಂದಕ್ಷರವೂ ಸುಳ್ಳಲ್ಲ. ಮುದುಕಿ ಸುಳ್ಳು ಹೇಳಿರಲಿಲ್ಲ, ಶಾನುಭೋಗ ಸುಳ್ಳು ಬರೆದಿರಲಿಲ್ಲ. ಇಡೀ ವ್ಯವಹಾರದಲ್ಲಿ ಸುಳ್ಳಿಗೆ ಅಂತ ಉಳಿದವರು ತಾವೊಬ್ಬರೇ.

ಮನೆಯಲ್ಲಿ ಬೈಂಡಾಗಿ ಬಂದ ಐದು ಪ್ರತಿಗಳನ್ನು ಸರ್ವಮಂಗಳ ದಿವಾನದ ಮೇಲೆ ಜೋಡಿಸಿದ್ದರು. ಗಂಡನ ಟಿಪ್ಪಣಿ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿ, ಅಕ್ಷರಕ್ರಮದಲ್ಲಿ ದಾರ ಕಟ್ಟಿಟ್ಟು ಇಷ್ಟು ವರ್ಷ ಕಾದವರು ಅವರು. ನೆಂಟರ ಮದುವೆಗಳಲ್ಲಿ "ಇನ್ನೂ ಓದ್ತಾನೇ ಇದಾರಾ?" ಎಂದವರಿಗೆಲ್ಲ ಉತ್ತರ ಕೊಟ್ಟವರೂ ಅವರೇ. ನಡೆದದ್ದನ್ನು ಕೇಳಿ ಕುಂಕುಮ ಬಣ್ಣದ ಒಂದು ರಟ್ಟಿನ ಮೇಲೆ ಕೈಯಾಡಿಸಿದರು.

"ಇನ್ನೊಂದು ವರ್ಷ ಕೇಳಿದ್ರೆ?"

"ಇದೇ ಕೊನೇ ವಿಸ್ತರಣೆ. ಸೋಮವಾರ ದಾಟಿದ್ರೆ ನೋಂದಣಿ ರದ್ದು. ಮತ್ತೆ ಮೊದಲಿಂದ. ನನಗೆ ಐವತ್ತಾರು."

"ಮೂರನೇ ಅಧ್ಯಾಯ ಕಿತ್ತುಬಿಟ್ರೆ?"

"ನಕ್ಷೆ ಉಳಿಯುತ್ತೆ. ಕೃತಜ್ಞತೆಗಳು ಉಳಿಯುತ್ತೆ."

ಸರ್ವಮಂಗಳ ಸೋಫಾದ ತುದಿಯಲ್ಲಿ ಕೂತರು. "ಇದು ಬೇರೆ ಯಾರಿಗ್ ಗೊತ್ತು?"

"ಪುಟ್ಟಗಂಗಮ್ಮಂಗೆ."

"ಆಯಮ್ಮ ಓದ್ತಾರಾ?"

"ಇಲ್ಲ."

"ಆ ಪೋಸ್ಟ್‌ಮ್ಯಾನು?"

"ವಿಳಾಸ ಓದ್ತಾರೆ."

"ಹಾಗಾದ್ರೆ ಏಳಿ, ಊಟಕ್ಕೆ," ಎಂದರು ಸರ್ವಮಂಗಳ. ತಾವು ಮಾತ್ರ ಏಳಲಿಲ್ಲ.

ಸೋಮವಾರ ಐದು ಪ್ರತಿಗಳೂ ಹೋದವು. ಮೌಖಿಕ ಪರೀಕ್ಷೆ ಬಂದದ್ದು ಮರುವರ್ಷದ ಜನವರಿಯಲ್ಲಿ. ಹೊಸ ಜಮಖಾನೆ ಹಾಸಿದ್ದರಿಂದ ಎಲ್ಲರೂ ಚಪ್ಪಲಿಗಳನ್ನು ಹೊರಗೆ ಬಿಟ್ಟಿದ್ದರು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಗೋಡಂಬಿ ಅಗಿಯುತ್ತ ಪುಟ ತಿರುವಿದರು. ಮೂರನೆಯ ಅಧ್ಯಾಯಕ್ಕೆ ಬಂದಾಗ ಅವರ ಕಣ್ಣು ಅರಳಿತು.

"ಇದು ನಿಜವಾದ ಕೊಡುಗೆ ನೋಡಿ. ಬರದ ವರ್ಷ, ಇಳಿದ ನದಿ, ಬಂಡೆಗೆ ಬಡಿದ ದೋಣಿ. ಓದ್ತಾ ಮೈ ಜುಂ ಅಂತು. ಒಂದೇ ಒಂದು ಪ್ರಶ್ನೆ. ಆ ದುರಂತದಲ್ಲಿ ಪ್ರಾಣಹಾನಿ ಏನಾದ್ರೂ ಆಗಿತ್ತೆ?"

ಹಿಂದಿನ ಸಾಲಿನಲ್ಲಿದ್ದ ಮಹಾದೇವಯ್ಯ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡರು.

"ಎರಡು ಮಕ್ಕಳು," ಎಂದರು ಲಕ್ಷ್ಮೀನರಸಿಂಹಯ್ಯನವರು. "ದೊಡ್ಡದಕ್ಕೆ ಆರು ವರ್ಷ."

"ಪ್ರಬಂಧದಲ್ಲಿ ಇಲ್ಲವಲ್ಲ?"

"ಇಲ್ಲ ಸಾರ್."

"ಆಧಾರ?"

"ಮೌಖಿಕ."

ಪರೀಕ್ಷಕರು ಪೆನ್ಸಿಲಿನಲ್ಲಿ ಏನೋ ಗುರುತು ಹಾಕಿಕೊಂಡರು. "ಪುಸ್ತಕ ಮಾಡುವಾಗ ಅಡಿಟಿಪ್ಪಣಿಗೆ ಸೇರಿಸಿ. ಇಂಥ ವಿವರಗಳಿಂದ ಓದುಗನಿಗೆ ನಂಬಿಕೆ ಬರುತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ತೀರ್ಮಾನ ಬರೆಯಲು ಅಭ್ಯರ್ಥಿಯನ್ನು ಐದು ನಿಮಿಷ ಹೊರಗೆ ಕಳಿಸುವುದು ಪದ್ಧತಿ. ಬಾಗಿಲ ಬಳಿ ಮಹಾದೇವಯ್ಯ ಕೈ ಹಿಡಿದುಕೊಂಡು, ಈ ಸಲ ಗೇಲಿಯಿಲ್ಲದೆ, "ತೇಲಿಸ್ಬಿಟ್ರಿ ಸಾರ್," ಎಂದರು.

ಲಕ್ಷ್ಮೀನರಸಿಂಹಯ್ಯನವರು ವೆರಾಂಡದ ಬೆಂಚಿನ ಮೇಲೆ ಕುಳಿತು ಚಪ್ಪಲಿ ಮೆಟ್ಟಿಕೊಳ್ಳಲು ನೋಡಿದರು. ಒಳಗಿನಿಂದ ಯಾರೋ ನಗುತ್ತ, "ಡಾಕ್ಟರ್, ಬನ್ನಿ ಬನ್ನಿ," ಎಂದು ಕರೆದರು. ಕಾಲಿನ ಹೆಬ್ಬೆರಳು ಚಪ್ಪಲಿಯ ಉಂಗುಷ್ಟದ ಕುಣಿಕೆಯೊಳಗೆ ಹೋಗಲಿಲ್ಲ. ಅವರು ಕಾಲನ್ನು ಹಿಂದಕ್ಕೆಳೆದುಕೊಂಡು ಮತ್ತೆ ನೀಡಿದರು. ಮತ್ತೆ ತಪ್ಪಿತು. ಇನ್ನೊಂದು ಸಲ ಕರೆದರು. ಒಳಗೆ ಹೋಗಲು ಚಪ್ಪಲಿ ಬೇಕಿರಲಿಲ್ಲ. ಅವರು ಬಗ್ಗಿ, ಎರಡೂ ಕೈಗಳಿಂದ ಚಪ್ಪಲಿಯನ್ನು ನೆಲಕ್ಕೆ ಅದುಮಿ ಹಿಡಿದು, ಬೆರಳನ್ನು ತೂರಿಸುತ್ತಲೇ ಇದ್ದರು.