ನೀರನ್ನು ಕೇಳಿ ಬರುವವರು

ಮಳೆ ಹನಿದರೆ ಊರೆಲ್ಲ ಒಳಗೆ ಓಡುತ್ತಿತ್ತು. ಊರಿಗೆಲ್ಲ ಚಿಕ್ಕಪ್ಪನಾಗಿದ್ದ ನಖ್ಲೆ ಚಿಕ್ಕಪ್ಪ ಮಾತ್ರ ಕೋಟು ತೊಟ್ಟು ಹೊರಗೆ ಹೊರಡುತ್ತಿದ್ದರು. ಎಲ್ಲಿಗೆಂದು ಕೇಳಿದರೆ, "ನೀರನ್ನ ಒಂದ್ ಮಾತು ಕೇಳ್ಕೊಂಡ್ ಬರ್ತೀನಿ" ಎನ್ನುವರು. ಲೆಬನಾನಿನ ನಮ್ಮ ಬೆಟ್ಟದಲ್ಲಿ ಕೆಳಗಿನ ಊರಿಗೂ ಮೇಲಿನ ಊರಿಗೂ ನಡುವೆ, ಯುದ್ಧದ ವರ್ಷಗಳಲ್ಲಿ ಮುಳ್ಳು ಬೆಳೆದು ಮುಚ್ಚಿಹೋಗಿದ್ದ ಹೇಸರಗತ್ತೆಗಳ ಹಳೆಯ ದಾರಿಯನ್ನು ಹನ್ನೊಂದು ವರ್ಷ, ಶನಿವಾರ ಶನಿವಾರ, ಬಿಡಿಸಿದ ಪುಣ್ಯಾತ್ಮರು ಅವರು. ಇಳಿಜಾರಿನಲ್ಲಿ ಅಡ್ಡಡ್ಡ ನಡೆದು ನಡೆದು ಎಡಭುಜ ತಗ್ಗಿಹೋಗಿ, ಚರ್ಚಿನ ಸಮತಟ್ಟಾದ ಹಾಸುಗಲ್ಲಿನ ಮೇಲೂ ಬೆಟ್ಟ ಬಳಸುವವರಂತೆಯೇ ನಡೆಯುತ್ತಿದ್ದರು. ಆ ದಾರಿಯ ಕಲ್ಲುಮೆಟ್ಟಿಲುಗಳಿಗೆ ಒತ್ತುಕೊಡುವ ಚೂರುಗಲ್ಲುಗಳ ಭಾರಕ್ಕೆ ಅವರ ಕಂದು ಉಣ್ಣೆಯ ಕೋಟಿನ ಜೇಬುಗಳು ಮೊಣಕಾಲಿನವರೆಗೆ ಜೋತಿದ್ದವು.

ಅವರ ಸೈನ್ಯವೆಂದರೆ ಕೂಲಿಯ ಹಂಗಿಲ್ಲದ ನಾವು ಒಂಬತ್ತು ಮಂದಿ. ಅದರಲ್ಲಿ ಕ್ಷೌರಿಕ ಬುತ್ರೋಸ್ ಬಲಗೈ; ಶಾಲೆಯಲ್ಲಿ ಭೂಗೋಳ ಹೇಳುವ ನಾನು, ಅವರ ಬಾಯಲ್ಲಿ ‘ಉಸ್ತಾದ್’, ಅಂದರೆ ಮೇಷ್ಟ್ರು, ಗುದ್ದಲಿ ಹಿಡಿದ ಕಾಲುಗಂಟೆಗೆಲ್ಲ ಪ್ರಕೃತಿಸೌಂದರ್ಯ ನೆನಪಾಗುವವನು. ಹೊಸ ಮೆಟ್ಟಿಲು ಕೂರಿಸಿದಾಗಲೆಲ್ಲ ಚಿಕ್ಕಪ್ಪ ಅದರ ಮೇಲೆ ನಿಂತು ಸೊಂಟ ಕುಣಿಸುವರು. ಕಲ್ಲು ಕೂದಲೆಳೆಯಷ್ಟು ಅಲುಗಿದರೂ ಕೀಳಿಸುವರು. ಮದುವೆ ಮನೆಯಲ್ಲಿ ಕುಣಿಯಲು ಬಾರದ್ದಕ್ಕೆ ಇಲ್ಲಿ ತೀರಿಸಿಕೊಳ್ಳುತ್ತಾರೆಂದು ಬುತ್ರೋಸ್ ಅಣಕಿಸಿದರೆ, "ನೀನು ಕೆಡಿಸಿದ ತಲೆ ಮೂರು ವಾರಕ್ಕೆ ಸರಿಹೋಗುತ್ತೆ ಮಗಾ, ಮೆಟ್ಟಿಲು ಹಂಗಲ್ಲ" ಎನ್ನುವರು. ಅಲ್ಲಲ್ಲಿ ಕೋಲಿನಿಂದ ದಾರಿಗಡ್ಡ ಗೀರೆಳೆದು "ಇಲ್ಲಿ ಅಗೀರಿ" ಎಂದು ಮುಂದೆ ಸಾಗುವರು. ಏಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇಷ್ಟು ದುಡಿಮೆಯ ಹಿಂದೆ ಇದ್ದದ್ದು ಒಂದೇ ಆಸೆ. ಆ ದಾರಿಯಲ್ಲೇ ವಧುವಾಗಿ ಮೇಲಿನ ಊರಿಗೆ ಹತ್ತಿಹೋಗಿದ್ದ ಚಿಕ್ಕಪ್ಪನ ಅಕ್ಕ ನಜೀಬೆ, ಬರುವ ಈಸ್ಟರಿಗೆ ಅದರಲ್ಲೇ ನಡೆದು ತವರಿಗೆ ಇಳಿಯುವುದಾಗಿ ತಮ್ಮನಿಗೆ ಮಾತು ಕೊಟ್ಟಿದ್ದಳು. ಎಂಬತ್ತರ ಕಾಲುಗಳು, ಮುಂದಿನ ವರ್ಷಕ್ಕೆ ಅವಳೇ ಭರವಸೆ ಕೊಟ್ಟಿರಲಿಲ್ಲ.

ಹಬ್ಬಕ್ಕೆ ಮೂರು ವಾರವಿರುವಾಗ ಚಿಕ್ಕಪ್ಪ ಕಣ್ಣಿನ ಪೊರೆ ತೆಗೆಸಲು ಬೈರೂತಿಗೆ ಹೋದರು. ನಾಯಕತ್ವ ನನ್ನ ಪಾಲಿಗೆ ಬಂತು. ಮುದುಕಿಯ ಕಾಲಿಗೆ ತೊಡಕಾಗದಿರಲಿ, ಚಿಕ್ಕಪ್ಪನ ಹೊಸ ಕಣ್ಣಿಗೆ ದಾರಿ ಅಂದವಾಗಿ ಕಾಣಲಿ ಎಂದು, ಅವರು ಗೀರೆಳೆದು ಅಗೆಸಿದ್ದ ಆ ಅಡ್ಡ ತಗ್ಗುಗಳಿಗೆಲ್ಲ ಮಣ್ಣು ತುಂಬಿಸಿ ಗಟ್ಟಿಸಿದೆ. ದಾರಿ ಇಸ್ತ್ರಿ ಮಾಡಿದಂತಾಯಿತು. ಮರುವಾರ ಎರಡು ದಿನ ಬಿಸಿಗಾಳಿ ಬೀಸಿ, ಅದರ ಬೆನ್ನಿಗೆ ಮಳೆ ಸುರಿದು, ಮೇಲಿನ ಹಿಮವೆಲ್ಲ ಕರಗಿತು. ಪಕ್ಕಕ್ಕೆ ಹರಿದುಹೋಗಲು ಒಂದು ತಗ್ಗೂ ಸಿಗದ ನೀರು, ನಾನು ಸಿದ್ಧಪಡಿಸಿದ್ದ ರಾಜಬೀದಿಯಲ್ಲೇ ಇಳಿದು, ದೊಡ್ಡ ತಿರುವಿನ ಅರವತ್ತು ಮೆಟ್ಟಿಲುಗಳನ್ನು ಕಣಿವೆಗೆ ಒಯ್ದಿತು. ಹರಿಯುವ ನೀರು ನೆಲವನ್ನು ಕೊರೆಯುವ ಪಾಠವನ್ನು ಇಪ್ಪತ್ತೆರಡು ವರ್ಷಗಳಿಂದ ಏಳನೆಯ ತರಗತಿಗೆ ಚಿತ್ರಸಮೇತ ಬೋಧಿಸುತ್ತಿದ್ದವನು ನಾನು.

ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಬಂದ ಚಿಕ್ಕಪ್ಪ ಕೊರಕಲಿನ ಅಂಚಿನಲ್ಲಿ ನಿಂತು, ಕೋಲು ಇಳಿಬಿಟ್ಟು ಆಳ ನೋಡಿದರು. ನಾನು ಬೈಗುಳಕ್ಕೆ ತಲೆಬಾಗಿ ಕಾದೆ.

"ತಪ್ಪು ನಂದು ಉಸ್ತಾದ್," ಎಂದರು. "ಅಗೀರಿ ಅಂದೆ. ಯಾಕೆ ಅಂತ ಹೇಳ್ಬೇಕಿತ್ತು."

ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ನಜೀಬೆ ಆ ಈಸ್ಟರಿಗೆ ಅಳಿಯನ ಕಾರಿನಲ್ಲಿ ಬಂದು, ಖರ್ಜೂರ ತುಂಬಿದ ಹಬ್ಬದ ಬಿಸ್ಕತ್ತು ತಿಂದು, ಡಾಂಬರು ರಸ್ತೆಯನ್ನು ಹೊಗಳಿ ಹೋದಳು. ತಿರುವನ್ನು ಮತ್ತೆ ಕಟ್ಟಲು ಎರಡು ವರ್ಷ ಹಿಡಿಯಿತು, ಅಷ್ಟರಲ್ಲಿ ಅವಳಿರಲಿಲ್ಲ. ಮುಗಿದ ದಾರಿಯಲ್ಲಿ ಚಿಕ್ಕಪ್ಪ ಮೊದಲು ಹತ್ತಿದ್ದು ಅವಳ ಸಮಾಧಿಗೆ, ನನ್ನನ್ನೂ ಜೊತೆಗೆ ಕರೆದುಕೊಂಡು. ಒಂದೊಂದು ತಗ್ಗಿನ ಬಳಿಯೂ ನಿಂತು, ಅದು ಏಕಿದೆಯೆಂದು ನಿಧಾನವಾಗಿ ವಿವರಿಸಿದರು. ನಾನು ಏನೂ ತಿಳಿಯದವನಂತೆ ಕೇಳಿಸಿಕೊಂಡೆ.

ದಾರಿ ಕಾಯುವವರ ಕುಲವೇ ಹಾಗೆಂದು ಕಾಣುತ್ತದೆ. ನಾವು ನೋಡುವವರ ಕಣ್ಣಿಗೆ ಉತ್ತರ ಕೊಡುತ್ತೇವೆ, ಅವರು ಹರಿಯುವ ನೀರಿಗೆ. ಇನ್ನೊಬ್ಬರ ತಪ್ಪನ್ನೂ ಅವರು ನಡುದಾರಿಯ ಕಲ್ಲಿನಂತೆ ಎತ್ತಿ, ಯಾರೂ ಎಡವದಿರಲೆಂದು ತಮ್ಮ ಬದಿಗೆ ಸರಿಸಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಸಲೀಸಾಗಿ ನಡೆದುಹೋಗುತ್ತಾರೆ, ಆ ಕಲ್ಲು ಮೊದಲು ಯಾರದಾಗಿತ್ತೆಂದು ಬಲ್ಲ ಒಬ್ಬನನ್ನು ಬಿಟ್ಟು.