ಗುಂಡೇರಾವ್ ಹಿಡಿದ ಮಡಿ

ಚಿತ್ತಾಪುರದೊಳಗೆ ನಿಜಾಮರ ತಹಸೀಲ ಕಚೇರಿಯ ಕಾರಕೂನ ಗುಂಡೇರಾವ್, ಹಕೀಮ ಬಂದೇಅಲಿಯ ಮುಂದೆ ಧೋತರ ಸಡಿಲಿಸಿ ನಿಂತಿದ್ದ.

"ಕಟ್ಕೋರಿ," ಅಂದ ಹಕೀಮ. "ಮೈ ಕೊಳಸೋ ಗರ್ಮಿ ರೋಗ ಅಲ್ಲ. ನೀರ್ಗುಳ್ಳಿ. ಅದರ ಸಣ್ಣ ತಂಗಿ ಅನ್ರಿ. ಜೀವಾ ತಗೊಳ್ಳಂಗಿಲ್ಲ, ಮನೀನೂ ಬಿಡಂಗಿಲ್ಲ. ಒಣಗ್ತದ, ಮತ್ತ ಏಳ್ತದ. ಎಲ್ಲಿಗೆ ಹೋಗಿದ್ರಿ?"

"ವಾಡಿಗೆ. ಸರ್ಕಾರಿ ಕೆಲಸ. ಗಾಡಿ ತಪ್ಪಿತು, ಅಲ್ಲೇ ಒಬ್ಬಾಕಿ ಮನ್ಯಾಗ…"

"ಗಾಡಿ ತಪ್ಪಿದವ್ರೆಲ್ಲಾ ನನ್ನ ಹಂತ್ಯಾಕೇ ಬರ್ತಾರ ನೋಡ್ರಿ. ಅಲ್ಲಿಂದ ಬಂದ ಮ್ಯಾಲ ಮನಿಯಾಕಿ ಹತ್ರ ಹೋಗಿದ್ರೇನು?"

ಹೋಗಿದ್ದ. ಬಂದ ಮರುದಿನವೇ, ಇನ್ನೂ ಗುಳ್ಳೆ ಏಳುವ ಮೊದಲು. ತಪ್ಪು ಮುಚ್ಚಿಕೊಳ್ಳಬೇಕೆಂದು ತುಸು ಹೆಚ್ಚೇ ಮುದ್ದು ಮಾಡಿದ್ದ. ರುಕ್ಮಿಣಿಬಾಯಿ ಐದು ತಿಂಗಳ ಬಸುರಿ.

"ಇನ್ನ ಮುಟ್ಟಬ್ಯಾಡ್ರಿ. ಎರಡು ವಾರ ನೋಡ್ರಿ. ಆಕಿಗೂ ಏಳಬಹುದು, ಏಳದೇನೂ ಇರಬಹುದು."

ಕಾರಣ ಹೇಳದೆ ಮುಟ್ಟದೆ ಇರುವುದು ಹ್ಯಾಂಗ? ವೈಷ್ಣವರ ಮನೆಯಲ್ಲಿ ಹುಟ್ಟಿದ್ದು ಆಗ ಉಪಯೋಗಕ್ಕೆ ಬಂತು. ವ್ರತ ಹಿಡಿದೆನೆಂದ. ಇಪ್ಪತ್ತೊಂದು ದಿನ ಮಡಿ. ಯಾರೂ ಮುಟ್ಟುವಂತಿಲ್ಲ, ತನ್ನ ಧೋತರ ತಾನೇ ಒಗೆಯಬೇಕು, ಮಲಗುವುದು ಪಡಸಾಲೆಯಲ್ಲಿ. ಅವನ ಅವ್ವ ಹಿಗ್ಗಿ ಓಣಿಗೆಲ್ಲ ಹೇಳಿ ಬಂದಳು: "ನಮ್ಮ ಗುಂಡ್ಯಾಗ ಕಡೀಗೂ ಬುದ್ಧಿ ಬಂತ ನೋಡವಾ!"

"ದೇವರು ನಿಮಗ ಭಾಳ ತಡಾ ಮಾಡಿ ಸಿಕ್ಕಾನ್ರಿ," ಅಂದು ರುಕ್ಮಿಣಿ ನಕ್ಕಳು.

ಅವನಿಗೆ ನಗು ಎಲ್ಲಿಂದ ಬರಬೇಕು? ಬಾಯಲ್ಲಿ ಮಂತ್ರ, ಕಣ್ಣು ಅವಳ ಮೇಲೆ. ಕೂತರೆ ಸರಿಯಾಗಿ ಕೂತಳೋ ನೋಡುವನು. ಬಚ್ಚಲಲ್ಲಿ ತಡವಾದರೆ ಬಾಗಿಲಾಚೆ ನಿಂತು, "ನೀರು ಬಿದ್ರ ಉರೀತದೇನು?" ಎನ್ನುವನು. ಅವಳು ತೋಳು ಕೆರೆದುಕೊಂಡರೆ ಇವನ ಕೈಯಿಂದ ಜಪಮಾಲೆ ಜಾರುವುದು.

"ಏನಾತು?"

"ಗುಂಗಾಡ್ರೀ! ಅದು ಕಡದ್ರೂ ಮಡಿ ಮುರೀತದೇನು?"

ಹತ್ತನೆಯ ದಿನ ಬೆಳಿಗ್ಗೆ ರುಕ್ಮಿಣಿ ಏಳಲಿಲ್ಲ. ಕೌದಿ ಹೊದ್ದು ನಡುಗುತ್ತಿದ್ದಳು. ಅವ್ವ ನೀರಿಗೆ ಹೋಗಿದ್ದಳು. ಗುಂಡೇರಾವ್ ಹೊಸ್ತಿಲಲ್ಲೇ ನಿಂತು ಕೇಳಿದ.

"ಉರಿ ಅದ ಏನು? ಕೆಳಗ… ಗುಳ್ಳಿ ಗಿಳ್ಳಿ?"

"ಜ್ವರ ಬಂದಾಕಿಗೆ ಗುಳ್ಳಿ ಯಾಕ ಕೇಳ್ತೀರಿ?"

ಅವನು ಜಪಮಾಲೆ ಎಣಿಸತೊಡಗಿದ. ರುಕ್ಮಿಣಿ ಅವನ ಮುಖವನ್ನೇ ನೋಡಿದಳು.

"ವಾಡ್ಯಾಗ ಎಲ್ಲಿ ಮಲಗಿದ್ರಿ?"

ಎಲ್ಲಾ ಹೇಳಿದ. ಹಕೀಮನ ಮಾತೂ ಬಿಡಲಿಲ್ಲ. ಅವಳು ಕೂಗಾಡಲಿಲ್ಲ, "ಆ ಕಡೆ ತಿರುಗ್ರಿ," ಅಂದಳು ಅಷ್ಟೇ. ತಿರುಗಿದ. ಬೆನ್ನ ಹಿಂದೆ ಕೌದಿ ಸರಿದ ಸಪ್ಪಳ.

"ಏನೂ ಇಲ್ಲ."

ಅವನು ಉಸಿರು ಬಿಟ್ಟ.

"ಉಸರ ಬಿಡಬ್ಯಾಡ್ರಿ. ಇವತ್ತಿಲ್ಲ. ನಾಳಿ?" ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. "ಹೊಟ್ಟ್ಯಾಗೊಂದು ಕೂಸು ಅದಲ್ಲಾ, ಅದಕ್ಕೇನಾದ್ರ?"

ಇದನ್ನು ಅವನು ಹಕೀಮನಿಗೆ ಕೇಳಿಯೇ ಇರಲಿಲ್ಲ.

"ಹೋಗ್ರಿ. ಸೂಲಗಿತ್ತಿ ಮಾಣಿಕಮ್ಮನ್ನ ಕರಕೊಂಡು ಬರ್ರಿ. ಯಾಕಂತ ಕೇಳ್ತಾಳ. ನಿಮ್ಮ ಬಾಯಿಲೇ ಹೇಳ್ರಿ."

ಗುಂಡೇರಾವ್ ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿದ. ಒಳಗೆ ಮತ್ತೆ ಕೌದಿ ಸರಿಯಿತು. ಅವಳು ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದಳು.